ವಿತಂಡ ಅಂದ್ರ ನಮ್ಮ ಕಾಕಾ

ಕೆಲವು ಮನ್ಯಾಗ ದಿನಾ ಒಂದು ಪೂಜಿ ಇರತೈತಿ, ಕೆಲವು ಮನ್ಯಾಗ ದಿನಾ ಒಂದು ಬ್ಯಾನಿ ಇರತೈತಿ. ನಮ್ಮ ಮನ್ಯಾಗ ದಿನಾ ಒಂದು ವಾದ ಇರ್ತಿತ್ತು. ಮುಂಜಾನೆ ಚಹಾ ಒಲಿ ಮ್ಯಾಲಿಂದ ಇಳಿಯೂದಕ್ಕಿಂತ ಮೊದಲ ಅದು ಏರ್ತಿತ್ತು.

ಕಾಕಾ ಅಂದ್ರ ನಮ್ಮಪ್ಪನ ತಮ್ಮ. ಸಾಂಗ್ಲಿ ಪೇಟ್ಯಾಗ ಅವರದು ಅರಿಷಿಣದ ಅಡತಿ ಅಂಗಡಿ. ಆವಾಗಿನ್ನೂ ರಾಜರ ಕಾಲ. ಸಾಂಗ್ಲಿಗೊಬ್ಬ ರಾಜಾ, ಆರು ಮೈಲು ಆಚೆ ಮಿರಜಕ್ಕ ಇನ್ನೊಬ್ಬ ರಾಜಾ. ನಾ ನಮ್ಮೂರು ಆರಗದಿಂದ ಬಂದು, ಲಗ್ನಾ ಆಗಿ, ಎರಡು ಮಕ್ಕಳ ತಂದಿ ಆದ ಮ್ಯಾಲೂ ಕಾಕಾನ ಅಂಗಡ್ಯಾಗ ದುಡೀತಿದ್ದೆ. ಪೇಟ್ಯಾಗಿನ ಮಂದಿ ನನ್ನ ನೋಡಿ, “ಪಾಪ, ಗಟ್ಟಿ ಜೀವ” ಅಂತಿದ್ರು.

ಕಾಕಾ ಭಾಳ ಪ್ರಾಮಾಣಿಕ ಮನಷಾ. ತೂಕದಾಗ ಮೋಸ ಇಲ್ಲ, ಮಾತು ಕೊಟ್ರ ತಪ್ಪಿದ್ದಿಲ್ಲ. ತ್ರಾಸ ಏನಂದ್ರ, ಅವರು ಮಾತು ಕೊಡೂದೇ ಇಲ್ಲ, ಬರೇ ನಮ್ಮ ಮಾತು ಮುರೀತಿದ್ರು. “ಕಾಕಾ, ಇವತ್ತು ಸೋಮಾರ, ಅಂಗಡಿ ಲಗೂನ ತಗೀಬೇಕ್ರಿ” ಅಂದ್ರ, “ಸೋಮಾರ ಅಂತ ಯಾರಂದ್ರು?” “ಹಂಗಾರ ಇವತ್ತ ಯಾವ ವಾರ್ರಿ?” “ನಾ ಯಾಕ ಹೇಳ್ಲಿ? ಸೋಮಾರ ಅಂದಾವ ನೀನು. ನೀನ ಸಿದ್ಧ ಮಾಡು.”

ಮುಂಜಾನೆದ್ದು ಸೋಮಾರ ಸಿದ್ಧ ಮಾಡೂ ಕರ್ಮ ನನ್ನ ವೈರಿಗೂ ಬ್ಯಾಡ.

ಕುಂಬಳಕಾಯಿ

ಒಮ್ಮೆ ಆರಗದಾಗ ನಮ್ಮವ್ವ ಕಾಕಾಗಂತ ಒಂದು ಕುಂಬಳಕಾಯಿ ಕೊಟ್ಲು. ಸಣ್ಣದಲ್ಲ, ಎರಡೂ ಕೈಲೆ ತಬ್ಬಿ ಹಿಡೀಬೇಕು ಹಂಥಾದ್ದು. ನಾನೂ ಕಾಕಾನೂ ಮಿರಜದಿಂದ ಸಾಂಗ್ಲಿಗೆ ಟಾಂಗಾದಾಗ ಹೊಂಟಿದ್ವಿ. ಒಬ್ಬ ರಾಜನ ಸೀಮಿ ಮುಗದು ಇನ್ನೊಬ್ಬನದು ಸುರು ಆಗೂ ಕಡೆ ಜಕಾತಿ ನಾಕಾ. ಮಾರಾಕ ಒಯ್ಯೂ ಮಾಲಿಗೆ ಜಕಾತಿ, ಮನಿಗೆ ತಿನ್ನಾಕ ಒಯ್ದ್ರ ಏನೂ ಇಲ್ಲ. ನಾಕೇದಾವ ಟಾಂಗಾದಾಗ ಹಣಿಕಿ ಹಾಕಿ, ಕುಂಬಳಕಾಯಿ ನೋಡಿ, “ತಿನ್ನಾಕ ಏನ್ರಿ ಕಾಕಾ?” ಅಂತ ನಕ್ಕೋತ ಕೇಳಿದ. “ಹೂಂ” ಅಂದಿದ್ರ ಮುಗೀತಿತ್ತು.

“ತಿನ್ನಾಕ ಅಂತ ನಾ ಹೆಂಗ ಹೇಳ್ಲಿ? ಇನ್ನೂ ತಿಂದಿಲ್ಲಲ್ಲ” ಅಂದ್ರು ಕಾಕಾ.

“ಹಂಗಾರ ಮಾರಾಕೇನ್ರಿ?”

“ಮಾರಾಕ ಅಂದ್ರ ಕೊಳ್ಳಾವ ಬೇಕು. ಎಲ್ಲದಾನ, ತೋರಸು.”

“ತಿನ್ನಾಕೂ ಅಲ್ಲ, ಮಾರಾಕೂ ಅಲ್ಲ ಅಂದ್ರ ಮತ್ತ್ಯಾಕ ಒಯ್ಯಾಕತ್ತೀರಿ?”

“ನಾ ಒಯ್ಯಾಕತ್ತೀನಿ ಅಂತ ಯಾರಂದ್ರು? ಒಯ್ಯಾಕತ್ತಿದ್ದು ಟಾಂಗಾ.”

ನಾಕೇದಾವ ಹೊಸಾಬ, ಮ್ಯಾಲ ಹಟಮಾರಿ. ಕುಂಬಳಕಾಯಿ ಇಳಿಸಿ ತನ್ನ ಮೇಜಿನ ಮ್ಯಾಲ ಇಟ್ಕೊಂಡ, ಅದು ಏನಂತ ನಿಕಾಲ ಆಗೂತನಕ ಹೋಗಾಂಗಿಲ್ಲ ಅಂದ. ಟಾಂಗಾದಾಗಿನ ಉಳದ ಮಂದಿ ಬೈಯಾಕ ಹತ್ತಿದ್ರು. ಟಾಂಗಾದಾವ ನಮ್ಮನ್ನ ಇಳಿಸಿ ಕುದರಿ ಓಡಿಸಿದ. ಒಂದು ತಾಸಿನ ಮ್ಯಾಲ ಆ ನಾಕೇದಾವ ಎದ್ದು ನಿಂತು ಕೈ ಮುಗದು, “ಕಾಕಾ, ಇದು ಕುಂಬಳಕಾಯಿನೇ ಅಲ್ಲ, ತಗೊಂಡು ಹೋಗ್ರಿ” ಅಂದ.

ಸುಡು ಬಿಸಲಾಗ ಮೂರು ಮೈಲು ನಡದ್ವಿ. ಕುಂಬಳಕಾಯಿ ನನ್ನ ತಲಿ ಮ್ಯಾಲ. ಕಾಕಾ ಮುಂದ ಕೈಬೀಸಿ ಹೊಂಟಾರ. ನಡುವ ಒಮ್ಮೆ ಹಿಂದ ತಿರುಗಿ, “ನೋಡಿದೇನೋ? ಗೆದ್ವಿ” ಅಂದ್ರು. “ಗೆದ್ದವ್ರು ಒಂದೀಟು ಹೊರ್ರಿ” ಅಂತ ನನ್ನ ಬಾಯಿ ತುದಿಗೆ ಬಂದಿತ್ತು. ಅಂದಿದ್ರ ಅದಕ್ಕೂ ಒಂದು ತಾಸು ನಿಂದರಬೇಕಾಗ್ತಿತ್ತಂತ ನುಂಗಿದೆ.

ಚೀಲಕ್ಕ ನಮಸ್ಕಾರ

ಒಂದು ದೀಪಾವಳಿ ಹೊತ್ತಿಗೆ ಕಾಕಾನ ಕಣ್ಣು ಮಂಜಾಗಾಕ ಹತ್ತಿದ್ವು. ಎರಡೂ ಕಣ್ಣಿಗೆ ಪೊರಿ. ಅದನ್ನ ಅವರು ಯಾರಿಗೂ ಹೇಳಲಿಲ್ಲ. ನಮಗ ಗೊತ್ತಾಗಿದ್ದು ಒಂದು ಅರಿಷಿಣದ ಚೀಲದಿಂದ.

ನಮ್ಮ ಓಣ್ಯಾಗ ಒಬ್ಬ ಶಾಸ್ತ್ರಿಗಳಿದ್ರು, ಸಂಸ್ಕೃತ ಕಲಸವ್ರು. ಮನಿಮಾತು ಮರಾಠಿ, ಆದ್ರ ಕಾಕಾನ ಜೋಡಿ ವಾದ ಮಾಡಿ ಮಾಡಿ ಅವರ ಕನ್ನಡ ನಮ್ಮದಕ್ಕಿಂತ ಚಲೋ ಆಗಿತ್ತು. ದಿನಾ ಸಂಜಿಮುಂದ ಅಂಗಡಿಗೆ ಬಂದು ಕುಂದ್ರತಿದ್ರು. ಅವತ್ತ ಯಾರೋ ಹಮಾಲ ತನ್ನ ಪಟಗಾ ಬಿಚ್ಚಿ ಬಾಗಲಾಗಿನ ಚೀಲದ ಮ್ಯಾಲ ಇಟ್ಟಿದ್ದ. ಕಾಕಾ ಒಳಗಿಂದ ಬಂದವ್ರು ಚೀಲಕ್ಕ ಕೈ ಮುಗದು, “ಬರ್ರಿ ಶಾಸ್ತ್ರಿಗಳ, ಯಾಕ ನಿಂತೀರಿ, ಕುಂದ್ರಿ” ಅಂದ್ರು.

ಹಮಾಲರೆಲ್ಲಾ ಬಾಯಾಗ ಪಟಗಾ ತುರಕೊಂಡು ನಗಾಕ ಹತ್ತಿದ್ರು. ನಾ ಮೆಲ್ಲಕ, “ಕಾಕಾ, ಅದು ಚೀಲರಿ” ಅಂದೆ.

“ಗೊತ್ತೈತಿ. ಅರಿಷಿಣ ಅಂದ್ರ ಲಕ್ಷ್ಮಿ. ಲಕ್ಷ್ಮಿಗೆ ಕೈ ಮುಗೀಬಾರದೇನು?”

“ಶಾಸ್ತ್ರಿಗಳ ಅಂದ್ರೆಲ್ಲ?”

“ಲಕ್ಷ್ಮಿಗೆ ಶಾಸ್ತ್ರ ಗೊತ್ತಿಲ್ಲಂತ ಯಾರಂದ್ರು?”

ನಗಿ ಅಲ್ಲಿಗೇ ಮುಗದಿದ್ರ ಚಲೋ ಇತ್ತು. ಆದ್ರ ಮುಂದಿನ ವಾರ ಹರಿಪುರಕ್ಕ ಹೋದ್ವಿ. ಅಲ್ಲಿ ನೆಲದಾಗ ಆಳಾಗಿ ಹಗೇವು ತಗದು ಅರಿಷಿಣ ತುಂಬಿ ಇಡ್ತಾರ. ಬಾಯಿ ಸಣ್ಣದು, ಒಳಗ ಎರಡಾಳು ಆಳ, ಒಳಗಿನ ಗಾಳಿನೂ ಕೆಟ್ಟದ್ದು. ಒಂದು ಹಗೇವಿನ ಬಾಯಿ ತಗದಿತ್ತು. ಕಾಕಾ ಸೀದಾ ಅದರ ಕಡೆ ಹೊಂಟಾರ! ನಾ ಓಡಿ ಹೋಗಿ ಹಿಂದಿಂದ ಧೋತರ ಹಿಡದು ಜಗ್ಗಿದೆ. ಧೋತರ ನನ್ನ ಕೈಯಾಗ ಬಂತು, ಕಾಕಾ ದಂಡಿಗೆ ಕುಂತ್ರು, ಒಂದು ಕಾಲು ಹಗೇವಿನ ಒಳಗ.

“ಕಾಕಾ, ನಿಮಗ ಕಣ್ಣು ಕಾಣಸೂದಿಲ್ಲ!” ಅಂತ ಒದರಿದೆ.

“ಬಿದ್ದೇನೇನು? ಬೀಳದವಂಗ ಕಣ್ಣು ಕಾಣಸೂದಿಲ್ಲಂತ ಹೆಂಗ ಅಂತಿ?” ಅಂದ್ರು. ಆಮ್ಯಾಲ ಸುತ್ತ ಕೈ ಆಡಿಸಿ, “ಅದಿರ್ಲಿ, ನನ್ನ ಧೋತರ ಎಲ್ಲೈತಿ?” ಅಂದ್ರು.

ಶಾಸ್ತ್ರಿಗಳು ಹೇಳಿದ್ದು

ಕಾಕು, ಅಂದ್ರ ಕಾಕಾನ ಹೆಂಡತಿ, ಹರಿಪುರದ ಸುದ್ದಿ ಕೇಳಿ ಅಡಗಿಮನ್ಯಾಗ ಕುಂತು ಅತ್ಲು. ಆಕಿ ಅಳೂದು ನಾ ನೋಡಿದ್ದೇ ಇಲ್ಲ. ಮಿರಜದ ದವಾಖಾನ್ಯಾಗ ಪೊರಿ ತಗೀತಿದ್ರು, ದೂರದೂರದಿಂದ ಮಂದಿ ಬರ್ತಿದ್ರು. ಹೋಗಬೇಕಾಗಿದ್ದು ಬರೇ ಆರು ಮೈಲು. ಕಾಕಾ ಹೂಂ ಅನಬೇಕಾಗಿತ್ತು, ಅಷ್ಟ.

ನಾ ಸುರು ಮಾಡಿದೆ. “ಕಾಕಾ, ಪಕ್ಕದ ಓಣಿ ಶಿಂಪಿಗ್ಯಾನ ಕಣ್ಣು ಮಿರಜದ ದವಾಖಾನ್ಯಾಗೇ ಬಂದ್ವಲ್ರಿ.”

“ಅವಾ ಸತ್ತಾನ.”

“ಅವಾ ಸತ್ತಿದ್ದು ಆರು ವರ್ಷದ ಮ್ಯಾಲ, ಹೊಟ್ಟಿಶೂಲಿಯಿಂದ್ರಿ!”

“ಅದಕ್ಕ ಹೇಳಿದ್ದು. ಕಣ್ಣು ಬಂದ ಮ್ಯಾಲ ಕಂಡದ್ದೆಲ್ಲಾ ತಿಂದ. ಶೂಲಿ ಬರದ ಬಿಡತೈತೇನು?”

ಅವತ್ತ ಮನಿಗೆ ಬಂದು ಗದ್ದಿಗಿ ಮ್ಯಾಲ ಕುಂತಿದ್ದ ಶಾಸ್ತ್ರಿಗಳು ತೊಡಿ ಬಡಕೊಂಡ್ರು. “ಸಾವಕಾರ್ರ, ನಿಮ್ಮ ಈ ವಿದ್ಯಾಕ್ಕ ಹೆಸರೈತಿ, ಗೊತ್ತೇನು? ವಿತಂಡ.”

“ಬೈದ್ರೇನು?” ಅಂತ ಕಾಕಾ ಕೇಳಿದ್ರು, ಖುಷಿಯಿಂದನೇ.

ಶಾಸ್ತ್ರಿಗಳು ನೆಟ್ಟಗ ಕುಂತು ಪಾಠ ಸುರು ಮಾಡಿದ್ರು. ನ್ಯಾಯಶಾಸ್ತ್ರದಾಗ ಮಾತಿನ ಜಗಳ ಮೂರು ನಮೂನಿ. ಇಬ್ಬರೂ ಕೂಡಿ ಖರೇದು ಹುಡುಕಿದ್ರ ಅದು ವಾದ. ಇಬ್ಬರಿಗೂ ತಮ್ಮತಮ್ಮ ಪಕ್ಷ ಐತಿ, ಖರೇನೋ ಸುಳ್ಳೋ, ಗೆದ್ರ ಸಾಕು ಅಂದ್ರ ಅದು ಜಲ್ಪ. ಮೂರನೇದು ವಿತಂಡ. ಅದ್ರಾಗ ಒಬ್ಬಾವಗ ತನ್ನದು ಅಂತ ಪಕ್ಷನೇ ಇರೂದಿಲ್ಲ, ಎದುರಿನವಂದು ಮುರಿಯೂದೊಂದೇ ಕೆಲಸ. “ಶಬ್ದದ ಬೇರು ನೋಡ್ರಿ. ತಂಡ್ ಅಂದ್ರ ಹೊಡಿಯೂದು. ಎದುರಿಗೆ ಬಂದದ್ದನ್ನ ಹೊಡಿಯೂದು. ಕಟ್ಟೂದು ಮಾತ್ರ ಏನೂ ಇಲ್ಲ.”

“ನನ್ನ ಕೈಯಾಗ ಬಡಿಗಿ ಎಲ್ಲೈತ್ರಿ?” ಅಂದ್ರು ಕಾಕಾ.

“ನಾಲಗಿ ಐತಲ್ಲ! ಸಾವಕಾರ್ರ, ನೀವು ಶಿಂಪಿಗ್ಯಾಂದು ಹೊಡದ್ರಿ, ಇವನ ಮಾತು ಹೊಡದ್ರಿ. ಈ ಕಣ್ಣಿಗೆ ಏನ್ ಮಾಡಬೇಕಂತ ನಿಮ್ಮ ಮಾತು ಏನೈತಿ, ಒಂದು ಹೇಳ್ರಿ ನೋಡೂಣು. ನಿಮಗ ಪಕ್ಷನೇ ಇಲ್ಲ.”

“ನನಗ ಪಕ್ಷ ಐತಂತ ನಾ ಯಾವಾಗ ಅಂದೇನಿ?”

ಶಾಸ್ತ್ರಿಗಳು ನನ್ನ ಕಡೆ ತಿರುಗಿ, “ಇಪ್ಪತ್ತು ವರ್ಷ ಆತು ಹುಡುಗರಿಗೆ ಇದನ್ನ ಕಲಸಾಕ ಹತ್ತಿ, ಇಷ್ಟು ಚಂದ ಉದಾಹರಣಿ ಒಮ್ಮೆನೂ ಸಿಕ್ಕಿರಲಿಲ್ಲ ನೋಡು” ಅಂದ್ರು. ಮರುದಿನ ಖರೇನ ಹತ್ತು ಮಂದಿ ವಿದ್ಯಾರ್ಥಿಗಳನ್ನ ಕರಕೊಂಡು ಬಂದ್ರು, ತೋರಸಾಕ.

ರುಮಾಲಿನ ಕೆಳಗ

ಶಾಸ್ತ್ರಿಗಳ ಪಾಠ ನಾವು ಯಾರೂ ಮನಸಿಗೆ ಹಚ್ಚಿಕೊಳ್ಳಲಿಲ್ಲ. ಬಾಗಲ ಹಿಂದ ನಿಂತು ಕೇಳಿದ ಕಾಕು ಹಚ್ಚಿಕೊಂಡಿದ್ಲು.

ನಮ್ಮ ಪೇಟ್ಯಾಗ ಅರಿಷಿಣದ ಸೌದಾ ಬಾಯಿಲೆ ಆಗೂದಿಲ್ಲ. ಕೊಡಾವ, ತಗೊಳ್ಳಾವ ಇಬ್ಬರೂ ರುಮಾಲಿನ ಕೆಳಗ ಕೈ ಇಟ್ಟು ಬೆರಳು ಹಿಡೀತಾರ. ಎಷ್ಟು ಬೆರಳು ಹಿಡದ್ರ ಅಷ್ಟು ದರ. ಸುತ್ತ ನೂರು ಮಂದಿ ನಿಂತಿರ್ತಾರ, ಒಬ್ಬರಿಗೂ ತಿಳಿಯೂದಿಲ್ಲ. ಕೈ ರುಮಾಲಿನ ಕೆಳಗ ಇರೂತನಕ ಬಾಯಿ ಬಿಡಾಂಗಿಲ್ಲ, ಒಪ್ಪಿದ ಬೆರಳಿನಿಂದ ಹಿಂದ ಸರಿಯಾಂಗಿಲ್ಲ. ಕಾಕು ದಲಾಲರ ಮಗಳು, ಇದನ್ನೆಲ್ಲಾ ತೊಟ್ಟಿಲದಾಗಿಂದ ಬಲ್ಲಾಕಿ.

ಒಂದು ಮಧ್ಯಾಹ್ನ ಊಟಾ ಆಗಿ ಕಾಕಾ ಪಡಸಾಲ್ಯಾಗ ಕುಂತಿದ್ರು, ನಾ ವೀಳ್ಯದೆಲಿ ಮಡಸ್ತಿದ್ದೆ. ಕಾಕು ಬಂದು ಎದುರಿಗೆ ಕುಂತ್ಲು. ಕಾಕಾನ ಹೆಗಲ ಮ್ಯಾಲಿನ ರುಮಾಲು ತಗದ್ಲು, ಅವರ ಬಲಗೈ ಹಿಡಕೊಂಡ್ಲು.

“ಮಿರಜದ ದವಾಖಾನಿಗೆ. ಇನ್ನ ಎಷ್ಟು ದಿನದಾಗ? ಹಿಡೀರಿ” ಅಂದು ಮ್ಯಾಲ ರುಮಾಲು ಹೊಚ್ಚಿದ್ಲು.

ಕಾಕಾ ಬಾಯಿ ತಗದ್ರು. ಕಾಕು ಬರೇ ರುಮಾಲಿನ ಕಡೆ ನೋಡಿದ್ಲು. ಕಾಕಾ ಬಾಯಿ ಮುಚ್ಚಿದ್ರು! ನಲವತ್ತು ವರ್ಷ ಪೇಟ್ಯಾಗ ಕುಂತ ಮನಷಾ, ರುಮಾಲಿನ ಕೆಳಗ ಕೈ ಇಟ್ಟು ಮಾತಾಡಿದ್ರ ಮಾನ ಉಳಿಯೂದಿಲ್ಲ. ನಾ ಎಲಿ ಮಡಸೂದು ಬಿಟ್ಟು ನೋಡಾಕ ಹತ್ತಿದೆ.

ಭಾಳ ಹೊತ್ತು ರುಮಾಲು ಅಳ್ಳಾಡಲಿಲ್ಲ. ಕಾಕಾನ ಗಂಟಲಾಗ ನೂರು ಪ್ರಶ್ನಿ ಏರಿ ಇಳಿಯೂದು ಹೊರಗಿಂದ ಕಾಣಸ್ತಿತ್ತು. ಆಮ್ಯಾಲ ರುಮಾಲು ಒಂದೀಟು ಮಿಸುಗಾಡ್ತು. ಕಾಕು ತಲಿ ಅಳ್ಳಾಡಿಸಿ ತಾನೂ ಏನೋ ಹಿಡದ್ಲು. ಕಾಕಾ ಹುಬ್ಬು ಗಂಟು ಹಾಕಿದ್ರು. ಮತ್ತ ಮಿಸುಗಾಡ್ತು. ಕಡೀಕ ಕಾಕು ರುಮಾಲು ತಗದು ಝಾಡಿಸಿ, ಮಡಿಚಿ, ಕಾಕಾನ ಹೆಗಲ ಮ್ಯಾಲ ಇಟ್ಟು, “ಬ್ರಹಸ್ಪತಿವಾರ” ಅಂತ ನನಗ ಹೇಳಿ ಒಳಗ ಹೋದ್ಲು.

ನಾ ಹಿಂದಿಂದ ಹೋಗಿ ಕೇಳಿದೆ: “ಕಾಕು, ಇಷ್ಟು ಹೊತ್ತು ಯಾಕ ಹಿಡೀತು?”

“ಮೊದಲ ಏನೂ ಹಿಡೀಲಿಲ್ಲೋ. ಸುಮ್ನ ನನ್ನ ಕೈ ಹಿಡಕೊಂಡು ಕುಂತ್ರು. ಅಂಗೈ ಎಲ್ಲಾ ಬೆವತಿತ್ತು. ಕಣ್ಣಿಗೆ ಕತ್ತಿ ಹಚ್ಚತಾರಂತ ಅಂಜಿಕಿ. ಅಂಜಿಕಿ ಅಂತ ಒಂದು ಮಾತು ಅನ್ನಾಕ ಬರದ, ಪಾಪ, ಆರು ತಿಂಗಳು ಊರೆಲ್ಲಾ ವಾದ ಮಾಡ್ಯಾರ.” ಕಾಕು ಮೂಗು ಒರಸಿಕೊಂಡ್ಲು. ಆಮ್ಯಾಲ ಫಕ್ಕನ ನಕ್ಕು, “ಹಂಗಂತ ಬಿಟ್ಟಿಲ್ಲ. ಅವರು ಐದೂ ಬೆರಳು ಹಿಡದಿದ್ರು, ನಾ ಮೂರಕ್ಕ ಇಳಸೇನಿ” ಅಂದ್ಲು.

ಎಂಟು ದಿನದ ಮೌನ

ದವಾಖಾನ್ಯಾಗ ಡಾಕ್ಟರ್ ಮೊದಲ ಒಂದೇ ಕಣ್ಣು ಮಾಡ್ತೀವಿ, ಅದು ಮಾಯ್ದ ಮ್ಯಾಲ ಇನ್ನೊಂದು ಅಂದ್ರು. ಎಡಗಣ್ಣಿನ ಪೊರಿ ತಗದ್ರು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲಿ ಮಿಸುಕಬಾರದಂತ ಆಕಡೆ ಈಕಡೆ ಉಸುಕಿನ ಚೀಲ ಇಟ್ರು. ಎಂಟು ದಿನ ಅಂಗಾತ ಮಲಗಬೇಕು. ಕೆಮ್ಮಬಾರದು, ನಗಬಾರದು, ಗಟ್ಟಿ ಅಗೀಬಾರದು. “ಮತ್ತ ಮಾತಂತೂ ಆಡಲೇಬಾರದು” ಅಂದ್ರು ಡಾಕ್ಟರ್.

ಕಾಕು ಆ ಡಾಕ್ಟರಿಗೆ ಕೈ ಮುಗದ ರೀತಿ ನೋಡಿದ್ರ, ಕಣ್ಣು ಬರದಿದ್ರೂ ನಡೀತಿತ್ತು ಅನಸ್ತಿತ್ತು.

ಆದ್ರ ದೇವರಿಗೆ ಚ್ಯಾಷ್ಟಿ ಭಾಳ. ಬಾಜೂ ಖಾಟದ ಮ್ಯಾಲ ಲಿಂಗನೂರಿನ ಒಬ್ಬ ಕುರುಬರ ಮುತ್ಯಾ ಇದ್ದ. ಅವಂದು ಪಟ್ಟಿ ಬಿಚ್ಚಿತ್ತು, ಬಾಯಿನೂ ಬಿಚ್ಚಿತ್ತು. ಹಗಲೆಲ್ಲಾ ಮಾತು. “ನಮ್ಮ ಕುರಿಗೆ ಮರಾಠಿ ತಿಳೀತೈತಿ, ಟಗರಿಗೆ ತಿಳಿಯೂದಿಲ್ಲ” ಅಂತಿದ್ದ. “ರೈಲಿನ ಹೊಗಿ ಮ್ಯಾಲ ಹೋಗಿ ಮೋಡ ಆಗ್ತಾವು, ಅದಕ್ಕ ಮಿರಜದಾಗ ಮಳಿ ಚಲೋ” ಅಂತಿದ್ದ. “ಚಂದ್ರಾಮ ನಮ್ಮೂರಾಗ ದೊಡ್ಡಾಂವ, ಸಾಂಗ್ಲ್ಯಾಗ ಸಣ್ಣಾಂವ, ನಾ ಕಣ್ಣಾರೆ ನೋಡೇನಿ” ಅಂತಿದ್ದ.

ಒಂದೊಂದು ಮಾತಿಗೂ ಕಾಕಾನ ಕಾಲ ಬೆರಳು ಚಾದರದ ಕೆಳಗ ಮಡಚಿ ಮಡಚಿ ಬಿಡ್ತಿದ್ವು. ಇಷ್ಟು ಸುಲಭದ ಮಾತು, ಮುರಿಯಾಕ ಇಷ್ಟು ಹತ್ರ, ಬಾಯಿ ಮಾತ್ರ ಬಂದ್. ಮೂರನೇ ದಿನ ಚಂದ್ರಾಮನ ಸುದ್ದಿ ಬಂದಾಗ ಕಾಕಾ ನನ್ನ ಕೈ ಹಿಡಿದು ಜೋರಾಗಿ ಜಗ್ಗಿದ್ರು. ನೀನರ ಮುರಿ ಅಂತ ಅರ್ಥ. ನಾ ಯಾಕ ಬಿಡಲಿ? ಕುಂಬಳಕಾಯಿ ಹೊತ್ತ ತಲಿ ನಂದು. “ಮುತ್ಯಾ, ನೀ ಹೇಳೂದು ಖರೇ ಐತಿ, ಇನ್ನೂ ಹೇಳು” ಅಂದೆ.

ಎಂಟನೇ ದಿನ ಮುತ್ಯಾಗ ಮನಿಗೆ ಬಿಟ್ರು. ಹೋಗೂಮುಂದ ಕಾಕಾನ ಕಾಲು ಮುಟ್ಟಿ, “ಇಂಥಾ ಶಾಂತ ಮನಷಾನ್ನ ನಾ ಎಲ್ಲೂ ಕಂಡಿಲ್ಲ. ಒಂದು ಮಾತಿಗೂ ಇಲ್ಲ ಅನ್ನಲಿಲ್ಲ” ಅಂತ ಕಾಕುಗ ಹೇಳಿದ. ಕಾಕು ಸೆರಗು ಬಾಯಿಗೆ ಹಿಡಕೊಂಡು ಹೊರಗ ಓಡಿದ್ಲು.

ಪಟ್ಟಿ ಬಿಚ್ಚಿದ ದಿನ

ಮರುದಿನ ಡಾಕ್ಟರ್ ಬಂದು ಪಟ್ಟಿ ಬಿಚ್ಚಿದ್ರು. ಕಾಕು ಖಾಟದ ಕಾಲು ಹಿಡಕೊಂಡು ನಿಂತಿದ್ಲು. ಡಾಕ್ಟರ್ ಒಂದು ದಪ್ಪ ಗಾಜು ಎಡಗಣ್ಣಿನ ಮುಂದ ಹಿಡದು, “ಏನ್ ಕಾಣಸತೈತಿ, ಹೇಳ್ರಿ” ಅಂದ್ರು.

ಕಾಕಾ ಭಾಳ ಹೊತ್ತು ಕಾಕುನ ಮಾರಿ ನೋಡಿದ್ರು. “ಏ, ನಿನ್ನ ಕೂದಲಾ ಯಾವಾಗ ಬೆಳ್ಳಗಾದ್ವು?” ಅಂದ್ರು.

“ನೀವು ನೋಡೂದು ಬಿಟ್ಟಾಗ” ಅಂದ್ಲು ಕಾಕು. ಆಮ್ಯಾಲ ಅಳಾಕ ಹತ್ತಿದ್ಲು. ನನಗೂ ತಡಕೊಳ್ಳಾಕ ಆಗಲಿಲ್ಲ. ಕಣ್ಣು ಬಂದಿತ್ತು! ಹಗೇವು ಕಾಣಸತೈತಿ, ಚೀಲ ಕಾಣಸತೈತಿ, ನಮ್ಮ ಮನಿ ದೇವರು ದೊಡ್ಡಾಂವ ಅಂತ ನಾ ಗ್ವಾಡಿಗೆ ಮಾರಿ ಮಾಡಿ ನಿಂತು ಅತ್ತೆ.

“ಸಾವಕಾರ್ರ, ನೋಡಿದ್ರಿಲ್ಲ? ಸುಮ್ನ ಅಂಜತಿದ್ರಿ. ಆಪರೇಶನ್ ಮಾಡಿದ್ವಿ, ಕಣ್ಣು ಬಂತು” ಅಂದ್ರು ಡಾಕ್ಟರ್, ನಕ್ಕೋತ.

ಒಂಬತ್ತು ದಿನದ ಹಸಿವಿ. ಕಾಕಾ ದಿಂಬಿಗೆ ಆನಿಕೊಂಡು ಕುಂತ್ರು, ಗಂಟಲಾ ಸಾಫ್ ಮಾಡಿಕೊಂಡ್ರು.

“ಆಪರೇಶನ್ ಮಾಡಿದ್ರಿ, ಖರೇ. ಕಣ್ಣು ಬಂತು, ಅದೂ ಖರೇ. ಆದ್ರ ಆಪರೇಶನ್ ಮಾಡಿದ್ದಕ್ಕ ಕಣ್ಣು ಬಂತು ಅಂತ ಹೆಂಗ ಅಂತೀರಿ? ಎಂಟು ದಿನ ಅಂಗಾತ ಮಲಗೇನಿ. ಮಾತು ಬಿಟ್ಟೇನಿ. ಗಂಜಿ ಕುಡದೇನಿ. ಇದ್ರಾಗ ಯಾವುದರಿಂದ ಬಂತಂತ ಯಾರು ಕಂಡಾರ? ಬರೂ ಕಣ್ಣು ತಾನ ಬಂದಿರಬಹುದು.”

ಸಾವಿರ ಕಣ್ಣು ಮಾಡಿದ ಡಾಕ್ಟರ್, ಗಾಜು ಕಾಕಾನ ಕೈಯಾಗ ಇಟ್ಟು ಬಾಗಲದ ಕಡೆ ಹೊಂಟ್ರು. ನಾ ತಲಿಗೆ ಕೈ ಹಚ್ಚಿದೆ.

ಕಾಕು ಕಣ್ಣು ಒರಸಿಕೊಂಡ್ಲು. “ಅವರು ಹೇಳೂದು ಬರೋಬ್ಬರಿ ಐತ್ರಿ, ಡಾಕ್ಟರ್‌ಸಾಹೇಬ್ರ” ಅಂದ್ಲು. ನಲವತ್ತು ವರ್ಷದಾಗ ಆಕಿ ಬಾಯಾಗ ಈ ಮಾತು ಬಂದಿದ್ದು ಅದು ಮೊದಲ ಸಲ. ಕಾಕಾ ಗಾಬರಿ ಆಗಿ ಆಕಿ ಕಡೆ ನೋಡಿದ್ರು. “ಬಲಗಣ್ಣು ಇನ್ನೂ ಹಂಗ ಐತೆಲ್ಲ? ಅದಕ್ಕೂ ಎಂಟು ದಿನ ಗಂಜಿ ಕುಡಸ್ತೇನಿ, ಅಂಗಾತ ಮಲಗಸ್ತೇನಿ, ಬಾಯಿಗೆ ಅರಿವಿ ಕಟ್ಟತೇನಿ. ಕತ್ತಿ ಒಂದು ಬ್ಯಾಡ. ಬಂದ್ರ ಇವರು ಗೆದ್ರು. ಬರಲಿಲ್ಲ ಅಂದ್ರ ಮತ್ತ ಎಂಟು ದಿನ. ಹಂಗ ಬರೂತನಕ.” ಆಮ್ಯಾಲ ನನಗ, “ಗಂಟು ಕಟ್ಟು, ಗಾಡಿ ಕರಿ. ಇವರ ಮಾತು ಸಿದ್ಧ ಮಾಡೂಣು” ಅಂದ್ಲು.

ಕಾಕಾ ಎಡಗಣ್ಣು ಮುಚ್ಚಿಕೊಂಡು ಒಮ್ಮೆ ಕಾಕುನ್ನ ನೋಡಿದ್ರು, ಬಲಗಣ್ಣು ಮುಚ್ಚಿಕೊಂಡು, ಎಡಗಣ್ಣಿಗೆ ಗಾಜು ಹಿಡದು ಒಮ್ಮೆ ನೋಡಿದ್ರು. ಎರಡು ಸಲ ಹಂಗ ಮಾಡಿದ್ರು. ನಾ ಖರೇನ ಗಂಟು ಕಟ್ಟಾಕ ಸುರು ಮಾಡಿದ್ದೆ.

ಡಾಕ್ಟರ್ ಬಾಗಲದ ತನಕ ಹೋಗಿದ್ರು. ಕಾಕಾ ಅವರ ಕೋಟಿನ ತುದಿ ಹಿಡಿಯಾಕ ಖಾಟದಿಂದ ಅರ್ಧ ಇಳದು, ದವಾಖಾನಿ ಎಲ್ಲಾ ಕೇಳೂಹಂಗ ಒದರಿದ್ರು:

“ಡಾಕ್ಟರ್‌ಸಾಹೇಬ್ರ, ನಿಂದರ್ರಿ! ನಂದೊಂದು ಮಾತೈತಿ! ಆಕಿ ಗಂಜಿ ಕಾಸೂದ್ರಾಗ ಇದನ್ನೂ ಕೊಯ್ದು ಬಿಡ್ರಿ!”